ವಯಸ್ಸಿನ ಖಾತೆಗೆ ಬರೆದ ಮೂರು ತೊಂದರೆಗಳು

ಪ್ರಶ್ನೆ: ನನಗೆ 66 ವರ್ಷ, ನಮ್ಮ ಯಜಮಾನರಿಗೆ 71. ದುಡಿಮೆ, ಮಕ್ಕಳ ಓದು, ಮದುವೆ ಎಂದು ಮೂವತ್ತು ವರ್ಷ ಒಂದೇ ನಗರದಲ್ಲಿ ಇದ್ದೂ ಅಲ್ಲಿನ ಏನನ್ನೂ ನೆಮ್ಮದಿಯಾಗಿ ನೋಡಿರಲಿಲ್ಲ. ಈಗಲಾದರೂ ಸಂಗೀತ, ಒಳ್ಳೆಯ ಊಟ, ವಸ್ತುಸಂಗ್ರಹಾಲಯ ಎಂದು ತಿರುಗಾಡೋಣವೆಂದು ಹೊರಟೆವು. ಸಂಗೀತ ಕಾರ್ಯಕ್ರಮದಲ್ಲಿ ನನಗೆ ದನಿ ಕೇಳಿಸಿತೇ ಹೊರತು ಹಾಡಿನ ಮಾತು ತಿಳಿಯಲಿಲ್ಲ. ಗೆಳೆಯರೊಡನೆ ಹೋಟೆಲ್ಲಿಗೆ ಹೋದಾಗ ಎಲ್ಲರೂ ನಕ್ಕರೆಂದು ನಾನೂ ನಕ್ಕೆ. ಊಟ ಮುಗಿಸಿ ಏಳುವಾಗ ಇವರಿಗೆ ತಲೆ ಸುತ್ತಿ ಕುರ್ಚಿ ಹಿಡಿದುಕೊಂಡರು. ವಸ್ತುಸಂಗ್ರಹಾಲಯದಲ್ಲಿ ಒಂದೂವರೆ ಗಂಟೆಗೆ ಇಬ್ಬರಿಗೂ ಸೊಂಟ ಹಿಡಿಯಿತು. "ವಯಸ್ಸಾಯಿತು, ಇನ್ನು ಟಿವಿ ಸಾಕು" ಎನ್ನುತ್ತಾರೆ ಇವರು. ಒತ್ತಾಯಿಸಿ ಕರೆದೊಯ್ಯುವುದು ಸರಿಯೇ?

ಉತ್ತರ: ನೀವು ಹೇಳಿರುವ ಮೂರು ಸಂಗತಿಗಳಿಗೆ ಮೂರು ಬೇರೆ ಬೇರೆ ಕಾರಣಗಳಿವೆ, ಮೂರಕ್ಕೂ ಬೇರೆ ಬೇರೆ ಪರಿಹಾರಗಳಿವೆ. ನಿಮ್ಮ ಯಜಮಾನರು ಅವೆಲ್ಲವನ್ನೂ ಒಟ್ಟು ಕೂಡಿಸಿ ವಯಸ್ಸಿನ ಖಾತೆಗೆ ಬರೆದು ಲೆಕ್ಕದ ಪುಸ್ತಕ ಮುಚ್ಚಿಬಿಟ್ಟಿದ್ದಾರೆ. ವೃದ್ಧರ ಆರೋಗ್ಯವನ್ನು ನೋಡಿಕೊಳ್ಳುವ ವೈದ್ಯನಾಗಿ ನಾನು ದಿನವೂ ಕೇಳುವ ಮಾತಿದು. "ವಯಸ್ಸಾಯಿತು" ಎಂದು ಒಪ್ಪಿಕೊಂಡ ಕ್ಷಣದಿಂದ ಯಾರೂ ಕಾರಣ ಹುಡುಕಲು ಹೋಗುವುದಿಲ್ಲ, ಹುಡುಕದಿದ್ದರೆ ಸರಿಪಡಿಸುವ ಪ್ರಶ್ನೆಯೂ ಬರುವುದಿಲ್ಲ. ಆದ್ದರಿಂದ ಒತ್ತಾಯಿಸಬೇಕೋ ಬೇಡವೋ ಎಂಬುದನ್ನು ಕೊನೆಗೆ ಇಟ್ಟುಕೊಂಡು, ಮೊದಲು ಆ ಮೂರು ದಿನಗಳಲ್ಲಿ ನಿಜವಾಗಿ ಏನು ನಡೆಯಿತು ಎಂಬುದನ್ನು ಬಿಡಿಸಿ ನೋಡೋಣ.

ಕಿವಿಯ ವಿಷಯವೇ ಇದರಲ್ಲಿ ದೊಡ್ಡದು. ವಯಸ್ಸಿನೊಂದಿಗೆ ಬರುವ ಶ್ರವಣದೋಷವು ಎಲ್ಲ ಶಬ್ದಗಳನ್ನೂ ಒಂದೇ ಸಮನಾಗಿ ಕುಗ್ಗಿಸುವುದಿಲ್ಲ. ಅದು ಮೊದಲು ಹೆಚ್ಚಿನ ಕಂಪನಾಂಕದ, ಅಂದರೆ ತೀಕ್ಷ್ಣವಾದ ಸದ್ದುಗಳನ್ನು ಕಸಿದುಕೊಳ್ಳುತ್ತದೆ. ನಮ್ಮ ಮಾತಿನಲ್ಲಿ ಅ, ಆ, ಓ ಮುಂತಾದ ಸ್ವರಗಳು ಕೆಳಗಿನ ಕಂಪನಾಂಕದಲ್ಲಿದ್ದು ಗಟ್ಟಿಯಾಗಿ ಕೇಳಿಸುತ್ತವೆ. ಸ, ಶ, ತ, ಕ, ಪಗಳಂತಹ ವ್ಯಂಜನಗಳನ್ನು ಗುರುತು ಹಿಡಿಯಲು ಬೇಕಾದ ಸುಳಿವು ಮೇಲಿನ ಕಂಪನಾಂಕದಲ್ಲಿದ್ದು, ಸದ್ದೂ ಸಣ್ಣದು. ಹೀಗಾಗಿ ಯಾರೋ ಮಾತನಾಡುತ್ತಿರುವುದು ಚೆನ್ನಾಗಿಯೇ ಕೇಳಿಸುತ್ತದೆ, ಆದರೆ ತಾಳಿ ಎಂದರೋ ಪಾಳಿ ಎಂದರೋ ಕಾಳಿ ಎಂದರೋ ತಿಳಿಯುವುದಿಲ್ಲ. ಹಾಡಿನಲ್ಲಿ ಈ ತೊಡಕು ಇನ್ನೂ ಹೆಚ್ಚು. ಗಾಯಕರು ಎಳೆದು ಬೆಳೆಸುವುದು ಸ್ವರವನ್ನು, ವ್ಯಂಜನವು ಕ್ಷಣಮಾತ್ರದಲ್ಲಿ ಬಂದು ಹೋಗುತ್ತದೆ. ದನಿ ಕೇಳಿಸಿ ಮಾತು ತಿಳಿಯಲಿಲ್ಲ ಎಂದು ನೀವು ಬರೆದ ಒಂದು ಸಾಲು ಈ ದೋಷದ ಲಕ್ಷಣವನ್ನು ಪಠ್ಯಪುಸ್ತಕದಷ್ಟೇ ನಿಖರವಾಗಿ ಹೇಳುತ್ತದೆ.

ಹೋಟೆಲ್ಲಿನಲ್ಲಿ ಆದದ್ದು ಇದರ ಮುಂದುವರಿದ ಭಾಗ. ಗದ್ದಲದ ನಡುವೆ ಒಬ್ಬರ ಮಾತನ್ನಷ್ಟೇ ಆಯ್ದು ಕೇಳುವುದು ಕಿವಿಗಿಂತ ಮಿದುಳಿನ ಕೆಲಸ; ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಕಾಲಿನ್ ಚೆರಿ ಎಂಬ ವಿಜ್ಞಾನಿ 1953ರಲ್ಲಿ ಪ್ರಯೋಗಗಳ ಮೂಲಕ ಪರೀಕ್ಷಿಸಲು ತೊಡಗಿದ. ಎರಡೂ ಕಿವಿಗಳಿಂದ ಸ್ಪಷ್ಟ ಸುಳಿವು ಸಿಗದಿದ್ದಾಗ ಈ ಆಯ್ಕೆಯ ಸಾಮರ್ಥ್ಯ ಬೇಗ ಸೋಲುತ್ತದೆ. ಅದಕ್ಕೆ ಹೋಟೆಲ್ಲಿನ ಗದ್ದಲ ತಾನಾಗಿಯೇ ಬೆಳೆಯುವ ಗುಣವೂ ಸೇರುತ್ತದೆ. ಸುತ್ತ ಸದ್ದಿದ್ದರೆ ಮನುಷ್ಯ ತನಗೆ ಅರಿವಿಲ್ಲದೆಯೇ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಕಿವಿವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದ್ದ. ಒಂದು ಮೇಜಿನವರು ದನಿ ಏರಿಸಿದರೆ ಪಕ್ಕದ ಮೇಜಿನವರೂ ಏರಿಸಬೇಕಾಗುತ್ತದೆ. ಗಾಜು, ಹೆಂಚು, ಬೋಳು ಗೋಡೆಗಳು ಆ ಸದ್ದನ್ನೆಲ್ಲ ತಿರುಗಿಸಿ ಕಳಿಸುತ್ತವೆ. ಇಂತಹ ಕಡೆ ಮೂವತ್ತು ವರ್ಷದವರೂ ಮಾತು ತಪ್ಪಿಸಿಕೊಳ್ಳುತ್ತಾರೆ, ಆದರೆ ಅವರು ಅದನ್ನು ಜಾಗದ ದೋಷವೆನ್ನುತ್ತಾರೆ, ನಾವು ನಮ್ಮ ದೋಷವೆಂದುಕೊಳ್ಳುತ್ತೇವೆ.

ಹಾಗಾದರೆ ಜಾಗವನ್ನೂ ಹೊತ್ತನ್ನೂ ಬದಲಿಸಬೇಕು. ಜನ ತುಂಬುವುದಕ್ಕೆ ಒಂದು ಗಂಟೆ ಮೊದಲು ಊಟಕ್ಕೆ ಕೂರುವುದು ನಾನು ಹೇಳುವ ಮೊದಲ ಉಪಾಯ. ಅರ್ಧ ತೊಂದರೆ ಅಲ್ಲಿಗೇ ತೀರುತ್ತದೆ. ಪರದೆ, ಜಮಖಾನೆ, ಮೆತ್ತೆಯ ಕುರ್ಚಿಗಳಿರುವ ಕೋಣೆ ಸದ್ದನ್ನು ಹೀರಿಕೊಳ್ಳುತ್ತದೆ. ಅಡುಗೆಮನೆಯ ಬಾಗಿಲಿನಿಂದಲೂ ಧ್ವನಿವರ್ಧಕದಿಂದಲೂ ದೂರದ ಮೂಲೆಯ ಮೇಜನ್ನು ಕೇಳಿ ಪಡೆಯಿರಿ. ಜೊತೆಗಿರುವವರ ಮುಖದ ಮೇಲೆ ಬೆಳಕು ಬೀಳುವಂತೆ ಕುಳಿತುಕೊಳ್ಳಿ, ಏಕೆಂದರೆ ನಮಗೆ ಗೊತ್ತಿಲ್ಲದೆಯೇ ನಾವೆಲ್ಲ ತುಟಿಗಳನ್ನೂ ಓದುತ್ತಿರುತ್ತೇವೆ. ಎಂಟು ಜನರ ಮೇಜಿಗಿಂತ ನಾಲ್ವರ ಮೇಜು ಲೇಸು. ಶ್ರವಣಸಾಧನ ಧರಿಸುವವರಿಗೆ ಒಂದು ಮಾತು: ಅದರ ಮೈಕ್ ಎದುರಿನ ಸದ್ದಿಗೆ ಆದ್ಯತೆ ಕೊಡುವಂತಹುದಾಗಿದ್ದರೆ, ಗದ್ದಲ ಬೆನ್ನ ಹಿಂದೆಯೂ ಮಾತನಾಡುವವರು ಮುಂದೆಯೂ ಇರುವಂತೆ ಕೂರಬೇಕು.

ಇನ್ನು ಸಂಗೀತ. ಕಿವಿ ಮಂದವಾದವರಲ್ಲಿ ಒಂದು ವಿಚಿತ್ರ ಕಾಣುತ್ತದೆ: ಮೆಲ್ಲಗೆ ಹೇಳಿದರೆ ಕೇಳಿಸುವುದಿಲ್ಲ, ಸ್ವಲ್ಪ ಜೋರಾಗಿ ಹೇಳಿದರೆ "ಯಾಕೆ ಕಿರುಚುತ್ತೀಯ" ಎನ್ನುತ್ತಾರೆ. ಇದು ಹಟವಲ್ಲ, ಒಳಗಿವಿಯ ಸೂಕ್ಷ್ಮ ರೋಮಕೋಶಗಳು ನಷ್ಟವಾದಾಗ ಕೇಳಿಸದ ಸದ್ದಿಗೂ ಸಹಿಸಲಾಗದ ಸದ್ದಿಗೂ ನಡುವಿನ ಅಂತರವೇ ಕಿರಿದಾಗುತ್ತದೆ. ಆದ್ದರಿಂದ ಸರಿಯಾಗಿ ಕೇಳಿಸಲಿ ಎಂದು ಧ್ವನಿವರ್ಧಕದ ಎದುರಿಗೇ ಹೋಗಿ ಕೂರಬೇಡಿ. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದಾದರೆ, ಪ್ರತಿ ಮೂರು ಡೆಸಿಬೆಲ್ ಏರಿಕೆಗೂ ಸುರಕ್ಷಿತ ಅವಧಿ ಅರ್ಧಕ್ಕೆ ಇಳಿಯುತ್ತದೆ ಎಂಬುದು ಕಿವಿಯ ರಕ್ಷಣೆಯಲ್ಲಿ ಬಳಸುವ ಲೆಕ್ಕ. ಅದರ ಪ್ರಕಾರ 100 ಡೆಸಿಬೆಲ್ಲಿಗೆ ಸಿಗುವುದು ಹದಿನೈದೇ ನಿಮಿಷ. ಹಾಗೆಂದು ಸಭಾಂಗಣದ ಹಿಂಭಾಗದಲ್ಲಿ, ಬಾಲ್ಕನಿಯ ಚಾಚಿನ ಕೆಳಗೆ ಕೂರುವುದೂ ಒಳ್ಳೆಯದಲ್ಲ. ಅಲ್ಲಿಗೆ ತಲಪುವ ದನಿ ಮಂಕಾಗಿರುತ್ತದೆ. ಮಧ್ಯಕ್ಕಿಂತ ತುಸು ಮುಂದೆ, ನಡುದಾರಿಯ ಪಕ್ಕದ ಕುರ್ಚಿ ನಿಮಗೆ ಸೂಕ್ತ. ನಡುದಾರಿ ಏಕೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಶ್ರವಣಸಾಧನವು ಮೂಲತಃ ಮಾತಿಗಾಗಿ ರೂಪಿಸಿದ ಯಂತ್ರ. ಸಾಧಾರಣ ಸಂಭಾಷಣೆ 60–65 ಡೆಸಿಬೆಲ್ ಆಸುಪಾಸಿನಲ್ಲಿದ್ದರೆ, ಎದುರಿಗೆ ನಡೆಯುವ ಸಂಗೀತದ ತುತ್ತತುದಿಗಳು 100ನ್ನು ದಾಟಬಹುದು. ಒಂದೇ ಸಮನೆ ಹಿಡಿದ ಶುದ್ಧ ನಾದವನ್ನು ಈ ಯಂತ್ರ ತನ್ನದೇ ಸಿಳ್ಳೆಯೆಂದು (ಹೊರಬಿದ್ದ ದನಿ ಮತ್ತೆ ತನ್ನ ಮೈಕಿಗೇ ನುಗ್ಗಿದಾಗ ಏಳುವ ಸದ್ದೆಂದು) ತಪ್ಪು ತಿಳಿದು ಅಳಿಸಲು ಹೊರಡುತ್ತದೆ. ಕೊಳಲು ನಡುಗಿದಂತೆ, ದನಿ ಒಡೆದಂತೆ ಕೇಳಿಸುವುದು ಅದರಿಂದಲೇ. ಸಾಧನ ಕೊಡುವ ಶ್ರವಣತಜ್ಞರ ಬಳಿ ಸಂಗೀತಕ್ಕೆಂದೇ ಪ್ರತ್ಯೇಕ ಹೊಂದಾಣಿಕೆ ಮಾಡಿಕೊಡಲು ಕೇಳಿ; ಕೇಳದಿದ್ದರೆ ಎಷ್ಟೋ ಕಡೆ ಮಾಡಿಕೊಡುವುದಿಲ್ಲ. ಕೆಲವು ಸಭಾಂಗಣಗಳಲ್ಲಿ ನೆಲದ ಸುತ್ತ ತಂತಿಸುರುಳಿ ಹಾಕಿ, ವೇದಿಕೆಯ ಮೈಕಿನ ದನಿಯನ್ನು ನೇರವಾಗಿ ಶ್ರವಣಸಾಧನಕ್ಕೆ ಕಳಿಸುವ ಏರ್ಪಾಡು ಇರುತ್ತದೆ; ಕಿವಿಯ ಚಿತ್ರದ ಪಕ್ಕದಲ್ಲಿ ಇಂಗ್ಲಿಷಿನ 'ಟಿ' ಅಕ್ಷರವಿರುವ ಫಲಕ ಅದರ ಗುರುತು. ಸಾಧನದಲ್ಲಿ ಟೆಲಿಕಾಯಿಲ್ ಎಂಬ ಭಾಗವಿದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆಯಾದ್ದರಿಂದ, ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳಬೇಕು.

ಯಾವ ಯಂತ್ರವೂ ಬೇಡದ ಒಂದು ಉಪಾಯವಿದೆ, ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಫಲಕಾರಿ. ಹಾಡುವುದು ಏನೆಂದು ಮೊದಲೇ ತಿಳಿದಿದ್ದರೆ ಅದರ ಸಾಹಿತ್ಯವನ್ನು ಮನೆಯಲ್ಲಿ ಎರಡು ಸಲ ಓದಿ, ಒಮ್ಮೆ ಕೇಳಿ ಹೋಗಿ. ನಾಟಕವಾದರೆ ಕಥೆಯನ್ನೂ ಪಾತ್ರಗಳ ಹೆಸರನ್ನೂ ತಿಳಿದು ಹೋಗಿ. ಮುಂದೆ ಬರುವ ಮಾತು ಯಾವುದೆಂದು ಮಿದುಳಿಗೆ ಅಂದಾಜಿದ್ದರೆ, ಕಿವಿ ಬಿಟ್ಟುಹೋದ ಅಕ್ಷರವನ್ನು ಅದು ತಾನೇ ತುಂಬಿಕೊಳ್ಳುತ್ತದೆ, ನಿಮಗೆ ಕೇಳಿಸಿತೆಂದೇ ಅನಿಸುತ್ತದೆ.

ನಿಮ್ಮ ಯಜಮಾನರ ತಲೆಸುತ್ತನ್ನು ನಾನು ಇದಕ್ಕಿಂತ ಗಂಭೀರವಾಗಿ ಪರಿಗಣಿಸುತ್ತೇನೆ, ಏಕೆಂದರೆ ಅದರ ಮುಂದಿನ ಹೆಜ್ಜೆ ಬೀಳುವುದು. ಊಟವಾದ ಮೇಲೆ ಜೀರ್ಣಾಂಗಗಳಿಗೆ ಹೆಚ್ಚು ರಕ್ತ ಹರಿಯುತ್ತದೆ. ಎಳೆಯರಲ್ಲಿ ಹೃದಯವೂ ರಕ್ತನಾಳಗಳೂ ಕೂಡಲೇ ಅದನ್ನು ಸರಿದೂಗಿಸುತ್ತವೆ, ಹಿರಿಯರಲ್ಲಿ ಈ ಪ್ರತಿಕ್ರಿಯೆ ನಿಧಾನ. ಊಟದ ನಂತರದ ಎರಡು ಗಂಟೆಯೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಊಟದ ನಂತರದ ಕಡಿಮೆ ರಕ್ತದೊತ್ತಡ ಎಂದೇ ಗುರುತಿಸುತ್ತೇವೆ. ಹೊಟ್ಟೆ ಬಿರಿಯುವಷ್ಟು ಊಟ, ಅದರಲ್ಲೂ ಹಿಟ್ಟು, ಸಕ್ಕರೆಯ ಅಂಶ ಹೆಚ್ಚಿರುವ ಊಟ, ಮದ್ಯ, ಸೆಕೆ, ಊಟದ ಹೊತ್ತಿಗೇ ನುಂಗಿದ ರಕ್ತದೊತ್ತಡದ ಮಾತ್ರೆ ಇವೆಲ್ಲ ಇಳಿತವನ್ನು ಹೆಚ್ಚಿಸುತ್ತವೆ. ಮನೆಯಲ್ಲಿ ಯಂತ್ರವಿದ್ದರೆ ನಾಲ್ಕಾರು ದಿನ ಊಟಕ್ಕೆ ಮುನ್ನ ಒಮ್ಮೆ, ಆಮೇಲೆ ಎರಡು ಗಂಟೆಯವರೆಗೆ ಅರ್ಧ ಗಂಟೆಗೊಮ್ಮೆ ಅಳೆದು ಬರೆದಿಟ್ಟು, ಆ ಹಾಳೆಯನ್ನು ನಿಮ್ಮ ವೈದ್ಯರಿಗೆ ತೋರಿಸಿ. ಮಾತ್ರೆಯ ಹೊತ್ತನ್ನೋ ಪ್ರಮಾಣವನ್ನೋ ಬದಲಿಸಬೇಕಾದರೆ ಅದನ್ನು ಅವರೇ ಮಾಡಬೇಕು, ನೀವಾಗಿ ನಿಲ್ಲಿಸುವಂತಿಲ್ಲ. ತಲೆಸುತ್ತಿನ ಜೊತೆಗೆ ಎದೆನೋವು, ಮಾತು ತೊದಲುವುದು, ಎಚ್ಚರ ತಪ್ಪುವುದು ಇದ್ದರೆ ಹಾಳೆ ಬರೆಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು.

ಹೊರಗೆ ಊಟಕ್ಕೆ ಹೋದ ದಿನ ಸ್ವಲ್ಪವೇ ತರಿಸಿ, ಬೇಕೆನಿಸಿದರೆ ಮತ್ತೆ ತರಿಸಿಕೊಳ್ಳುವುದು ಲೇಸು. ಒಂದೊಂದು ಬಗೆಯನ್ನೂ ಇಬ್ಬರು ಹಂಚಿಕೊಂಡರೆ ಎರಡು ರುಚಿ ನೋಡಿದಂತೆಯೂ ಆಗುತ್ತದೆ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿನ ಮಿತಿ ಹೇಳಿಲ್ಲದಿದ್ದರೆ ಊಟಕ್ಕೆ ಮುಂಚೆ ಎರಡು ಲೋಟ ನೀರು ಕುಡಿಯುವುದರಿಂದ ಈ ಇಳಿತ ತಗ್ಗುತ್ತದೆ. ಊಟ ಮುಗಿದ ಕೂಡಲೇ ಏಳದೆ, ಕುಳಿತಲ್ಲೇ ಪಾದಗಳನ್ನು ನಾಲ್ಕಾರು ಸಲ ಮೇಲೆ ಕೆಳಗೆ ಆಡಿಸಿ, ಎದ್ದು ಕ್ಷಣ ನಿಂತು, ಆಮೇಲೆ ಹೆಜ್ಜೆ ಇಡಲಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಹೋಟೆಲ್ಲಿನಲ್ಲಿ ಊಟ ಬರುವುದು ಎಷ್ಟು ತಡವಾದೀತೆಂದು ಹೇಳಲಾಗದ ಕಾರಣ, ಮನೆಯಲ್ಲೇ ಚುಚ್ಚಿಕೊಂಡು ಹೊರಡಬಹುದೇ ಎಂಬುದನ್ನು ವೈದ್ಯರಲ್ಲಿ ಮೊದಲೇ ಕೇಳಿಟ್ಟುಕೊಳ್ಳಬೇಕು.

ರುಚಿಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕೆನಿಸಿತು. ಹೋಟೆಲ್ಲಿನ ಊಟ ಸಪ್ಪೆ ಎಂದು ಹಿರಿಯರು ದೂರುವಾಗ ಬಹುಪಾಲು ಕಡಿಮೆಯಾಗಿರುವುದು ನಾಲಿಗೆಯ ರುಚಿಗಿಂತ ಮೂಗಿನ ವಾಸನೆ. 1984ರಲ್ಲಿ ಪ್ರಕಟವಾದ ರಿಚರ್ಡ್ ಡಾಟಿ ಮತ್ತು ಸಂಗಡಿಗರ ಪ್ರಸಿದ್ಧ ಅಧ್ಯಯನದಲ್ಲಿ 65ರಿಂದ 80 ವಯಸ್ಸಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ವಾಸನೆ ಗುರುತಿಸುವ ಶಕ್ತಿ ಗಣನೀಯವಾಗಿ ಕುಗ್ಗಿತ್ತು. ಕೆಲವು ಔಷಧಿಗಳೂ ಬಾಯಿ ಒಣಗಿಸುತ್ತವೆ, ರುಚಿ ಕೆಡಿಸುತ್ತವೆ. ಉಪ್ಪಿನ ಡಬ್ಬಿಗೆ ಕೈ ಹಾಕುವುದರಿಂದ ಏರುವುದು ರಕ್ತದೊತ್ತಡ. ಅದರ ಬದಲು ಹುಳಿ, ಪರಿಮಳ, ಗರಿಗರಿ, ಬಿಸಿ–ತಂಪಿನ ವ್ಯತ್ಯಾಸಗಳಿರುವ ತಿನಿಸುಗಳನ್ನು ಆರಿಸಿ ನಿಧಾನವಾಗಿ ಅಗಿದು ತಿಂದರೆ, ಬಾಯಿಯ ಹಿಂಭಾಗದಿಂದ ಮೂಗಿಗೆ ಏರುವ ಪರಿಮಳ ಹೆಚ್ಚು ಹೊತ್ತು ಸಿಗುತ್ತದೆ. ವಾಸನೆ ಹಠಾತ್ತನೆ ಹೊರಟುಹೋದರೆ ಮಾತ್ರ ಅದನ್ನು ವಯಸ್ಸೆಂದು ಬಿಡದೆ ಪರೀಕ್ಷಿಸಿಕೊಳ್ಳಿ.

ವಸ್ತುಸಂಗ್ರಹಾಲಯದ ಸೊಂಟನೋವಿಗೆ ಬಂದರೆ, ನಿಮಗೆ ಒಳ್ಳೆಯ ಜೊತೆಯಿದೆ. ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದ ಬೆಂಜಮಿನ್ ಗಿಲ್ಮನ್ 1916ರಲ್ಲೇ ಈ ಆಯಾಸದ ಮೇಲೆ ಒಂದು ಲೇಖನ ಬರೆದ. ಒಬ್ಬ ವ್ಯಕ್ತಿಯನ್ನು ಪ್ರದರ್ಶಿತ ವಸ್ತುಗಳನ್ನು ನೋಡಲು ಬಿಟ್ಟು, ಅವನು ಬಾಗಿದ, ಕುಕ್ಕರಿಸಿದ, ಕತ್ತು ಚಾಚಿದ ಭಂಗಿಗಳನ್ನೆಲ್ಲ ಛಾಯಾಚಿತ್ರ ತೆಗೆಸಿ, ತಪ್ಪು ನೋಡುಗರದ್ದಲ್ಲ, ವಸ್ತುಗಳನ್ನು ಇಟ್ಟ ಬಗೆಯದ್ದು ಎಂದು ತೋರಿಸಿದ. ಎರಡು ಹೆಜ್ಜೆ ನಡೆದು ನಿಲ್ಲುವುದು, ಮತ್ತೆರಡು ಹೆಜ್ಜೆ ನಡೆದು ನಿಲ್ಲುವುದು ಬೀಸುನಡಿಗೆಗಿಂತ ಹೆಚ್ಚು ದಣಿಸುತ್ತದೆ. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ದೂಡುತ್ತಿರುತ್ತವೆ. ನಿಂತಾಗ ಆ ಕೆಲಸ ನಿಲ್ಲುತ್ತದೆ, ಸೊಂಟದ ಸ್ನಾಯುಗಳು ಬಿಗಿದೇ ಇರುತ್ತವೆ. ಇಡೀ ಕಟ್ಟಡವನ್ನು ಮುಗಿಸಬೇಕೆಂಬ ಹಟ ಬಿಡಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ನೋಡುಗರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ಕಲಾಕೃತಿಗೆ ಜನ ಕೊಟ್ಟ ಸರಾಸರಿ ಸಮಯ ಸುಮಾರು 27 ಸೆಕೆಂಡ್. ಓಡಾಡಲು ಕಾಲಿನಲ್ಲಿ ಶಕ್ತಿಯಿರುವವರೂ ನೋಡುವುದು ಅಷ್ಟೇ! ನೀವು ಒಂದೇ ಕೋಣೆಯನ್ನು ಆರಿಸಿ, ಬೆಂಚಿರುವ ಕಡೆ ಕುಳಿತು, ನಾಲ್ಕೈದು ವಸ್ತುಗಳನ್ನು ಹತ್ತು ಹತ್ತು ನಿಮಿಷ ನೋಡಿದರೆ ಅವರಿಗಿಂತ ಹೆಚ್ಚು ನೋಡಿದಂತೆ. ಮಡಚುವ ಸ್ಟೂಲನ್ನು ಒಳಗೆ ಬಿಡುತ್ತಾರೆಯೇ, ಅಲ್ಲಿಯೇ ಕೊಡುತ್ತಾರೆಯೇ, ಗಾಲಿಕುರ್ಚಿ ಸಿಗುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿ.

ಕಣ್ಣಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವಯಸ್ಸಾದಂತೆ ಪಾಪೆ ಕಿರಿದಾಗುತ್ತದೆ, ಮಸೂರ ಮಸುಕಾಗುತ್ತದೆ. ಅತ್ತ ಹಳೆಯ ಕಾಗದ, ಬಟ್ಟೆಗಳನ್ನು ಕಾಪಾಡಲು ಸಂಗ್ರಹಾಲಯಗಳು ಬೆಳಕನ್ನು ಸುಮಾರು 50 ಲಕ್ಸ್‌ಗೆ (ಲಕ್ಸ್ ಎಂಬುದು ಬೆಳಕಿನ ಅಳತೆ) ಇಳಿಸಿರುತ್ತವೆ. ವಿವರಣೆಯ ಫಲಕ ಓದಲಾಗದಿದ್ದರೆ, ಅನುಮತಿ ಇದ್ದಲ್ಲಿ ಫೋನಿನಲ್ಲಿ ಅದರ ಚಿತ್ರ ತೆಗೆದು ಹಿಗ್ಗಿಸಿ ಓದಿಕೊಳ್ಳಬಹುದು. ಕತ್ತಲ ಸಭಾಂಗಣಕ್ಕೆ ದೀಪ ಆರುವ ಮೊದಲೇ ಹೋಗಿ ಕುಳಿತುಕೊಳ್ಳಿ. ಓದುವ ಭಾಗ ಕೆಳಗಿರುವ ಎರಡು ಬಗೆಯ ಗಾಜಿನ ಕನ್ನಡಕದಲ್ಲಿ ಇಳಿಯುವ ಮೆಟ್ಟಿಲಿನ ಅಂಚು ಮಸುಕಾಗಿ ಕಾಣುತ್ತದೆ. ಗುರುತಿಲ್ಲದ ಕಟ್ಟಡಗಳಿಗೆ ಹೋಗುವಾಗ ದೂರದೃಷ್ಟಿಗೆ ಮಾತ್ರ ಮಾಡಿಸಿದ ಕನ್ನಡಕ ಹಾಕಿಕೊಂಡು, ಕಂಬಿ ಹಿಡಿದು ಇಳಿಯುವುದು ಕ್ಷೇಮ.

ಈಗ ನಡುದಾರಿಯ ಕುರ್ಚಿಯ ಮಾತು. ಎಪ್ಪತ್ತು ದಾಟಿದ ಗಂಡಸರು ಮೂರು ಗಂಟೆಯ ಕಾರ್ಯಕ್ರಮ ಬೇಡವೆನ್ನುವಾಗ, ಸಂಗೀತದ ಮೇಲಿನ ಬೇಸರಕ್ಕಿಂತ ಮೂತ್ರದ ಭಯವೇ ಕಾರಣವಾಗಿರುವುದನ್ನು ನಾನು ಎಷ್ಟೋ ಬಾರಿ ಕಂಡಿದ್ದೇನೆ. ಹೆಂಡತಿಗೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಇನ್ನು ಕೆಲವರು ಹೊರಡುವ ದಿನ ಬೆಳಗ್ಗೆಯಿಂದ ನೀರೇ ಕುಡಿಯದೆ ಇರುತ್ತಾರೆ, ಅದರಿಂದ ತಲೆಸುತ್ತು ಇನ್ನೂ ಹೆಚ್ಚುತ್ತದೆ. ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆ ಚಿಕಿತ್ಸೆಯಿದೆ, ಮೂತ್ರ ಹೆಚ್ಚಿಸುವ ಮಾತ್ರೆಯ ಹೊತ್ತನ್ನು ವೈದ್ಯರ ಸಲಹೆಯಂತೆ ಹೊಂದಿಸಿಕೊಳ್ಳಬಹುದು, ಕುರ್ಚಿ ನಡುದಾರಿಯ ಪಕ್ಕದಲ್ಲಿದ್ದರೆ ಯಾರ ಮೊಣಕಾಲನ್ನೂ ದಾಟದೆ ಎದ್ದು ಹೋಗಿ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ, 33 ನಗರಗಳ ಹಿರಿಯರ ಮಾತು ಕೇಳಿ, ವಯೋಸ್ನೇಹಿ ನಗರಗಳ ಬಗ್ಗೆ ಮಾರ್ಗದರ್ಶಿಯೊಂದನ್ನು ಹೊರತಂದಾಗ ಅದರಲ್ಲಿ ಸಂಸ್ಕೃತಿಯ ದೊಡ್ಡ ಮಾತುಗಳ ಜೊತೆಗೆ ಸಾರ್ವಜನಿಕ ಶೌಚಾಲಯ, ಕೂರುವ ಬೆಂಚು, ಸಮತಟ್ಟಾದ ಕಾಲುದಾರಿಗಳೂ ಸೇರಿದ್ದವು. ಆದ್ದರಿಂದ ಟಿಕೆಟ್ ಕೊಳ್ಳುವಾಗ ಶೌಚಾಲಯ ಎಲ್ಲಿದೆ, ಎಷ್ಟು ಮೆಟ್ಟಿಲಿವೆ ಎಂದು ಕೇಳಲು ಸಂಕೋಚಪಡಬೇಡಿ.

ಹೊತ್ತಿನ ಆಯ್ಕೆಯನ್ನೂ ಬದಲಿಸಿ. ವಯಸ್ಸಿನೊಂದಿಗೆ ನಿದ್ದೆಯ ಗಡಿಯಾರ ಮುಂದಕ್ಕೆ ಸರಿಯುತ್ತದೆ. ಬೇಗ ಎಚ್ಚರ, ಬೇಗ ತೂಕಡಿಕೆ. ರಾತ್ರಿ ಒಂಬತ್ತಕ್ಕೆ ಕಣ್ಣು ಎಳೆಯುವವರನ್ನು ಅದೇ ಹೊತ್ತಿನ ಸಂಗೀತಕ್ಕೆ ಕೂರಿಸಿ ರಸಿಕರಲ್ಲ ಎನ್ನುವುದು ಅನ್ಯಾಯ. ಬೆಳಗಿನ ಮತ್ತು ಮಧ್ಯಾಹ್ನದ ಪ್ರದರ್ಶನಗಳನ್ನು ಹುಡುಕಿ, ವಾರದ ನಡುವಿನ ದಿನಗಳಲ್ಲಿ ಹೋಗಿ, ಒಂದು ದಿನಕ್ಕೆ ಒಂದನ್ನೇ ಇಟ್ಟುಕೊಳ್ಳಿ. ವಿರಾಮದ ಹೊತ್ತಿಗೆ ಸಾಕೆನಿಸಿದರೆ ಎದ್ದು ಬರುವುದರಲ್ಲಿ ನಾಚಿಕೆಯಿಲ್ಲ. ಕೊಟ್ಟ ಹಣಕ್ಕೆ ಪೂರ್ತಿ ಕೂರಬೇಕೆಂಬ ಹಳೆಯ ಲೆಕ್ಕಾಚಾರ ನಮ್ಮ ತಲೆಮಾರಿನವರನ್ನು ಬಿಟ್ಟು ಹೋಗುವುದು ಕಷ್ಟವೆಂದು ನನಗೂ ಗೊತ್ತು.

ಇಷ್ಟೆಲ್ಲ ಏಕೆ ಎಂದು ನಿಮ್ಮ ಯಜಮಾನರು ಕೇಳಬಹುದು. ಇಂಗ್ಲೆಂಡಿನಲ್ಲಿ 50 ದಾಟಿದ 6,710 ಜನರನ್ನು 14 ವರ್ಷ ಹಿಂಬಾಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲವು ತಿಂಗಳಿಗೊಮ್ಮೆಯಾದರೂ ಸಂಗ್ರಹಾಲಯ, ನಾಟಕ, ಸಂಗೀತಕ್ಕೆ ಹೋಗುತ್ತಿದ್ದವರಲ್ಲಿ ಆ ಅವಧಿಯಲ್ಲಿ ಸಾಯುವ ಅಪಾಯ ಹೋಗದವರಿಗಿಂತ ಶೇ 31ರಷ್ಟು ಕಡಿಮೆ ಇತ್ತು. ಈ ಅಂಕಿಯನ್ನು ಹಿಡಿದು ಟಿಕೆಟ್ಟನ್ನೇ ಔಷಧಿ ಎನ್ನಲು ನಾನು ಸಿದ್ಧನಿಲ್ಲ. ಆರೋಗ್ಯ, ಹಣಕಾಸುಗಳ ವ್ಯತ್ಯಾಸವನ್ನು ಸಂಶೋಧಕರು ಲೆಕ್ಕಕ್ಕೆ ತೆಗೆದುಕೊಂಡಿದ್ದರೂ, ಗಟ್ಟಿಯಾಗಿರುವವರೇ ಹೆಚ್ಚು ಹೊರಗೆ ಹೋಗುತ್ತಾರೆ ಎಂಬ ಸಂಶಯವನ್ನು ಇಂತಹ ಅಧ್ಯಯನ ಪೂರ್ತಿ ನೀಗಿಸಲಾರದು. ಹಾಡು ಚೆನ್ನಾಗಿದೆ ಎಂಬುದೇ ಹೋಗಲು ಸಾಕಾದ ಕಾರಣ.

ಒತ್ತಾಯದ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಅವರನ್ನು ಕಾರ್ಯಕ್ರಮಕ್ಕೆ ಒತ್ತಾಯಿಸಬೇಡಿ, ಪರೀಕ್ಷೆಗೆ ಒತ್ತಾಯಿಸಿ. ರಕ್ತದೊತ್ತಡದ ಹಾಳೆ ಸಿದ್ಧವಾಗಲಿ, ಇಬ್ಬರೂ ಕಿವಿ ತೋರಿಸಿಕೊಳ್ಳಿ, ಆಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ಅವರೇ ಆರಿಸಲಿ. ಈವರೆಗಿನ ಮೂರೂ ನಿಮ್ಮ ಆಯ್ಕೆಯಾಗಿದ್ದವೇನೋ ಎಂಬ ಅನುಮಾನ ನನಗಿದೆ. ಅವರು ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿಯಿಲ್ಲದೆ, ಊಟ ನಿದ್ದೆಗಳೂ ಕೆಟ್ಟು, ಇದು ಎರಡು ವಾರ ಮೀರಿ ನಡೆದಿದ್ದರೆ ಅದು ಖಿನ್ನತೆಯಾಗಿರಬಹುದು, ವೈದ್ಯರಿಗೆ ಹೇಳಿ. ಹಾಗಿಲ್ಲದೆ ಸುಮ್ಮನೆ ಬೇಡವೆಂದರೆ ಅವರನ್ನು ಮನೆಯಲ್ಲಿ ಬಿಟ್ಟು ಗೆಳತಿಯೊಬ್ಬರ ಜೊತೆ ನೀವು ಹೋಗಿ ಬನ್ನಿ. ಹೊರಡುವ ಮುನ್ನ ಒಂದು ಕೆಲಸ ಮಾಡಿ: ಅವರು ಸಾಕು ಎನ್ನುತ್ತಿರುವ ಆ ಟಿವಿಯ ಸದ್ದನ್ನು ಎಷ್ಟಕ್ಕೆ ಇಟ್ಟುಕೊಂಡಿದ್ದಾರೆ ಎಂದು ನೋಡಿ. ಅದು ನಿಮಗೆ ಬೇಕಾದುದಕ್ಕಿಂತ ಬಹಳ ಹೆಚ್ಚಿದ್ದರೆ, ಕಿವಿಯ ಪರೀಕ್ಷೆಗೆ ಮೊದಲ ಸರದಿ ಅವರದಾಗಲಿ.